ಹೊಳೆಯ ಎರಡು ಅಡಿ

ನನ್ನಣ್ಣ ಮೂವತ್ತೊಂದು ವರ್ಷ ಹೊಳೆಯ ಅಳತೆ ಬರೆದ. ನಾನು ಅದಕ್ಕಿಂತ ಎರಡು ವರ್ಷ ಹೆಚ್ಚಾಗಿಯೇ ಜನರ ಸೊಂಟದ ಅಳತೆ ಬರೆಯುತ್ತಿದ್ದೇನೆ. ನನ್ನ ಅಳತೆ ತಪ್ಪಿದರೆ ಗಿರಾಕಿ ಮರುದಿನವೇ ಅಂಗಡಿಗೆ ಬಂದು ಪ್ಯಾಂಟನ್ನು ಮೇಜಿನ ಮೇಲೆ ಎಸೆದು ಹೋಗುತ್ತಾನೆ. ಅಣ್ಣನ ಅಳತೆಯಲ್ಲಿ ಎಡವಟ್ಟಾಗಿದೆ ಎಂದು ಗೊತ್ತಾಗಲು ಹನ್ನೊಂದು ವರ್ಷ ಹಿಡಿಯಿತು. ಎಡವಟ್ಟು ಅವನದೂ ಅಲ್ಲ, ಅವನು ಬರೆದದ್ದು ಸರಿಯಾಗಿಯೇ ಇತ್ತು. ನನ್ನ ಹೊಟ್ಟೆ ಉರಿಸುವ ಸಂಗತಿ ಅದೇ.

ಅವನ ಕೆಲಸ ಏನೆಂದು ಹೇಳಿದರೆ ಜನ ನಗುತ್ತಿದ್ದರು. ಹಳೆಯ ಸೇತುವೆಯ ಮೂರನೇ ಕಂಬಕ್ಕೆ ಒಂದು ಅಳತೆಗೋಲು ಹೊಡೆದಿದ್ದರು. ಬಿಳಿ ಬಣ್ಣ ಬಳಿದ ಕಬ್ಬಿಣದ ಪಟ್ಟಿ, ಅದರ ಮೇಲೆ ಅಡಿ-ಇಂಚಿನ ಕಪ್ಪು ಗೆರೆಗಳು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಐವತ್ತೆರಡು ಮೆಟ್ಟಿಲು ಇಳಿದು, ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಪುಸ್ತಕದ ಹಾಳೆ ಕಚೇರಿಗೆ ಹೋಗುತ್ತದೆ. ಇಷ್ಟೇ. "ಇದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳದವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಅವನಿಗೆ 'ಅಡಿ-ಇಂಚು' ಎಂದೇ ಹೆಸರು ಬಿದ್ದಿತ್ತು. "ಏನಪ್ಪಾ ಅಡಿ-ಇಂಚು, ಇವತ್ತು ಹೊಳೆ ಇದೆಯಾ, ಎದ್ದು ಹೋಯ್ತಾ?" ಎಂದು ಕ್ಷೌರದಂಗಡಿಯವನು ದಿನವೂ ಕೇಳುತ್ತಿದ್ದ. ಅಣ್ಣ ದಿನವೂ, ಇದೇ ಮೊದಲ ಸಲ ಕೇಳಿದ ಪ್ರಶ್ನೆ ಎನ್ನುವ ಹಾಗೆ ನಿಂತು ಉತ್ತರ ಕೊಡುತ್ತಿದ್ದ. "ಒಂಬತ್ತು ಅಡಿ ಏಳು ಇಂಚು. ನಿನ್ನೆಗಿಂತ ಒಂದಿಂಚು ಕಮ್ಮಿ."

ಅತ್ತಿಗೆ ಮಾತ್ರ ನಗುತ್ತಿರಲಿಲ್ಲ. ಇಡೀ ಜೀವಮಾನದಲ್ಲಿ ಗಂಡನ ಜತೆ ಒಂದು ದಿನವೂ ಊರು ಬಿಟ್ಟು ಹೋಗಲಾಗದವಳು ಹೇಗೆ ನಕ್ಕಾಳು? ಬೆಳಿಗ್ಗೆ ಹೋದರೆ ಹನ್ನೆರಡರೊಳಗೆ ಬರಬೇಕು, ಮಧ್ಯಾಹ್ನ ಹೋದರೆ ಆರರೊಳಗೆ. ಅವಳ ತಂಗಿಯ ಮದುವೆಗೂ ಅವಳು ಒಬ್ಬಳೇ ಹೋಗಿ ಬಂದಳು. "ನನ್ನ ಸವತಿ ಇವತ್ತು ಎಷ್ಟು ಉದ್ದ ಇದಾಳಂತೆ?" ಎಂದು ನನ್ನನ್ನು ಕೇಳುತ್ತಿದ್ದಳು. ಅವಳು ಎದೆನೋವಿನಿಂದ ಆಸ್ಪತ್ರೆಯಲ್ಲಿ ತೀರಿಕೊಂಡ ದಿನದ ಹಾಳೆಯನ್ನು ನಾನು ಆಮೇಲೆ ನೋಡಿದ್ದೇನೆ. ಮೂರೂ ಹೊತ್ತಿನ ಅಳತೆ ಅದರಲ್ಲಿದೆ. ಅವತ್ತು ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಳತೆ ನೋಡುವುದೂ ಒಂದು ವಿದ್ಯೆ ಎಂದು ಅವನು ಹೇಳುತ್ತಿದ್ದ. ನೀರು ಸುಮ್ಮನೆ ನಿಂತಿರುವುದಿಲ್ಲ, ಕೋಲಿನ ಮೇಲೆ ಏರಿಳಿಯುತ್ತಲೇ ಇರುತ್ತದೆ. ಹತ್ತು ಅಲೆ ಎಣಿಸಬೇಕು, ಅತಿ ಮೇಲಿನದು ಯಾವುದು, ಅತಿ ಕೆಳಗಿನದು ಯಾವುದು ಎಂದು ಗಮನಿಸಿ ನಡುವಿನದನ್ನು ಬರೆಯಬೇಕು. ವಾರಕ್ಕೊಮ್ಮೆ ಬ್ರಷ್ ಹಾಕಿ ಪಾಚಿ ತಿಕ್ಕಬೇಕು. ಮಳೆಯಲ್ಲಿ ಪೆನ್ನು ಕದಡುತ್ತದೆ, ಅದಕ್ಕೇ ಪೆನ್ಸಿಲ್ಲು. ಒಂದು ಸಲ ನಾನು, "ಯಾರೂ ನೋಡಲ್ಲ, ಮನೇಲೇ ಕೂತು ಅಂದಾಜಿಗೆ ಬರೆದುಬಿಡು" ಎಂದೆ. ಅವನು ವಾರವಿಡೀ ನನ್ನ ಜತೆ ಮಾತು ಬಿಟ್ಟ. ಹಟ ಎಂದರೆ ಅವನ ಹಟ. ಚಿಕ್ಕಂದಿನಿಂದಲೂ ಅಷ್ಟೇ, ಗೋಲಿ ಆಟದಿಂದ ಹಿಡಿದು ಅಪ್ಪನ ಔಷಧಿಯವರೆಗೆ ಯಾವ ಜಗಳದಲ್ಲೂ ಅವನ ಬಾಯಿಂದ 'ನೀನು ಹೇಳಿದ್ದು ಸರಿ' ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆಯಾದರೂ ಕೇಳಬೇಕು ಎಂಬ ಚಪಲ ನನಗೆ ಬಹಳ ಇತ್ತು.

ಹೊಳೆಯ ಚರಿತ್ರೆಯೆಲ್ಲ ಅವನಿಗೆ ಬಾಯಿಪಾಠ. ಅದು ಎಲ್ಲಿ ಹುಟ್ಟುತ್ತದೆ, ಯಾವ ಎರಡು ಹಳ್ಳ ಸೇರಿದ ಮೇಲೆ ಕೆಂಪಗಾಗುತ್ತದೆ, ಬಂಡೆಗೆ ಹೊಡೆದು ನಮ್ಮ ಊರಿನ ಹತ್ತಿರ ಏಕೆ ಮೊಣಕೈಯಂತೆ ಬಾಗುತ್ತದೆ, ಎಲ್ಲ ಹೇಳುತ್ತಿದ್ದ. ದೋಣಿ ಕಟ್ಟೆಯ ಪಕ್ಕದ ಬಯಲಿನಲ್ಲಿ ನಿಂತು ಕಾಲಿನಿಂದ ನೆಲ ಕೆರೆದು ತೋರಿಸುತ್ತಿದ್ದ. ಒಂದು ಗೇಣು ಮಣ್ಣು, ಅದರ ಕೆಳಗೆ ನುಣ್ಣಗಿನ ಉರುಟು ಕಲ್ಲು. "ನೋಡು, ಮುತ್ತಜ್ಜನ ಕಾಲದಲ್ಲಿ ಹೊಳೆ ಹರೀತಿದ್ದಿದ್ದು ಇಲ್ಲಿ. ಆಮೇಲೆ ಆ ಕಡೆ ಸರೀತು. ಮನೆ ಬದಲಾಯಿಸಿದೋರು ಹಳೇ ಮನೆ ಮರೆಯಲ್ಲ, ಆಗಾಗ ಬಂದು ನೋಡಿಕೊಂಡು ಹೋಗ್ತಾರೆ." ನಾನು ಆಕಳಿಸುತ್ತಿದ್ದೆ. ನನಗೆ ಅದು ಕತ್ತೆ ಮೇಯುವ ಬಯಲು, ಅಷ್ಟೇ.

ಆಮೇಲೆ ಮರಳಿನ ಲಾರಿಗಳು ಬಂದವು. ಊರಿಗೆ ಊರೇ ಮನೆ ಕಟ್ಟುತ್ತಿತ್ತು, ಹೊಳೆಯ ಹೊಟ್ಟೆ ಬಗೆದು ಮರಳು ಹೊತ್ತರು. ನಾಲ್ಕೇ ವರ್ಷದಲ್ಲಿ ಹೊಳೆಯ ತಳ ಎಷ್ಟು ಕುಸಿಯಿತೆಂದರೆ, ಬೇಸಿಗೆಯಲ್ಲಿ ನೀರು ಅಳತೆಗೋಲಿನ ಸೊನ್ನೆಗಿಂತಲೂ ಕೆಳಗೆ ಇಳಿಯಿತು. ಅಳೆಯಲು ಗೆರೆಯೇ ಇಲ್ಲ. ಕಚೇರಿಯವರು ಹಳೆಯ ಪಟ್ಟಿ ಕಿತ್ತು ಹೊಸದನ್ನು ಹೊಡೆದರು, ಸರಿಯಾಗಿ ಎರಡು ಅಡಿ ಕೆಳಗೆ. ಅಂದರೆ ಹಳೆಯ ಕೋಲಿನಲ್ಲಿ ಹತ್ತು ಅಡಿ ಎಂದು ಕಾಣುತ್ತಿದ್ದ ನೀರು ಹೊಸದರಲ್ಲಿ ಹನ್ನೆರಡು ಎಂದು ಕಾಣುತ್ತದೆ. ನೀರು ಅಷ್ಟೇ ಇರುತ್ತದೆ, ಅಂಕಿ ಮಾತ್ರ ಎರಡು ಹೆಚ್ಚು.

ಅಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಇಪ್ಪತ್ತು ವರ್ಷದ ಅಂಕಿಗಳ ಪಕ್ಕದಲ್ಲಿ ಈ ಅಂಕಿ ಬರೆದರೆ ಹೊಳೆ ರಾತ್ರೋರಾತ್ರಿ ಎರಡು ಅಡಿ ಉಬ್ಬಿದಂತೆ ಕಾಣುತ್ತದಲ್ಲ ಎಂದು ಓವರ್ಸಿಯರನ್ನು ಕೇಳಿದ. ಓವರ್ಸಿಯರು ಸ್ಕೂಟರಿನ ಮೇಲೆ ಕೂತೇ ಹೇಳಿದರು. "ಹಾಗಾದ್ರೆ ಎರಡು ಕಳೆದು ಬರಕೋ. ಅದಕ್ಯಾಕೆ ತಲೆ ಕೆಡಿಸ್ಕೋತೀಯ?" ಅವನು ಅಂದಿನಿಂದ ಕಳೆದು ಬರೆದ. ಕೋಲಿನಲ್ಲಿ ಹನ್ನೆರಡು ಕಂಡರೆ ಪುಸ್ತಕದಲ್ಲಿ ಹತ್ತು. ಒಂದು ಹೊತ್ತೂ ಮರೆಯಲಿಲ್ಲ. ಆ ಓವರ್ಸಿಯರು ಮೂರು ತಿಂಗಳಿಗೆ ವರ್ಗವಾಗಿ ಹೋದರು, ಸ್ಕೂಟರಿನ ಮೇಲೆ ಆಡಿದ ಮಾತನ್ನು ಎಲ್ಲೂ ಬರೆದಿಡಲಿಲ್ಲ.

ಎರಡು ವರ್ಷ ಬಿಟ್ಟು ದೊಡ್ಡ ನೆರೆ ಬಂತು. ಕೋಲಿನಲ್ಲಿ ಮೂವತ್ತನಾಲ್ಕು ಅಡಿ. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ತುದಿ ನನ್ನ ಕೈಗೆ ಕೊಟ್ಟು, ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿ, ಮೂವತ್ತೆರಡು ಎಂದು ಬರೆದ. ಹಗ್ಗ ಉಜ್ಜಿ ನನ್ನ ಅಂಗೈ ಸುಲಿದು, ಮುಂದೆ ಎರಡು ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ದೋಣಿ ಕಟ್ಟೆಯ ಬಯಲೆಲ್ಲ ನೀರು. ನೀರು ಇಳಿಯುವ ಮೊದಲು ಅವನು ಬಯಲಿನ ಅಂಚಿನ ಪಂಪ್‌ಹೌಸಿಗೆ ಹೋಗಿ, ಗೋಡೆಯ ಮೇಲೆ ನೀರು ಮುಟ್ಟಿದ್ದಲ್ಲಿಗೆ ಮೊಳೆಯಿಂದ ಒಂದು ಗೀರು ಎಳೆದು ಬಂದ. ಅವನ ಚಾಳಿಯೇ ಅಂಥದ್ದು.

ಅದಾಗಿ ಎಂಟು ವರ್ಷಕ್ಕೆ ಅದೇ ಬಯಲು ಬಡಾವಣೆಯಾಯಿತು. ಮೂವತ್ತು ವರ್ಷ ಬಾಡಿಗೆ ಕೋಣೆಯಲ್ಲಿ ಬಟ್ಟೆಯ ಮೂಟೆಗಳ ನಡುವೆ ಮಲಗಿದವನು ನಾನು. ನನ್ನ ಹೆಂಡತಿ ಇನ್ನೊಂದು ಮಿಷನ್ನಿನ ಮೇಲೆ ಕಾಜಾ ಗುಂಡಿ ಹಾಕಿ ಹಾಕಿ ಕುತ್ತಿಗೆ ನೆಟ್ಟಗೆ ನಿಲ್ಲದಂತೆ ಮಾಡಿಕೊಂಡಿದ್ದಳು. ನಾವು ಅಲ್ಲಿ ಸೈಟು ತೆಗೆದುಕೊಂಡೆವು. ಕಚೇರಿಯವರು ಅಂಚಿಗೆಲ್ಲ ಕಲ್ಲು ನೆಟ್ಟು, ಅವುಗಳ ಮೇಲೆ ಕೆಂಪು ಪಟ್ಟೆ ಬಳಿದಿದ್ದರು. ಇದುವರೆಗೆ ಬಂದ ಅತಿ ದೊಡ್ಡ ನೆರೆಯ ಮಟ್ಟ ಅದಂತೆ, ಅದಕ್ಕಿಂತ ಒಂದು ಅಡಿ ಮೇಲೆ ಮನೆಯ ನೆಲ ಇರಬೇಕಂತೆ. ನಾನು ಹಾಗೆಯೇ ಮಾಡಿಸಿದೆ, ಒಂದು ನೂಲೂ ಹೆಚ್ಚು ಕಡಿಮೆ ಇಲ್ಲದಂತೆ. ಗೋಡೆಗಳು ಮಾಡಿನ ಮಟ್ಟಕ್ಕೆ ಬಂದಾಗ ಅಣ್ಣನನ್ನು ಕರೆದುಕೊಂಡು ಹೋದೆ. ಹೊಟ್ಟೆಕಿಚ್ಚು ಪಡಲಿ ಎಂಬ ಆಸೆಯೂ ಸ್ವಲ್ಪ ಇತ್ತು, ಸುಳ್ಳು ಏಕೆ ಹೇಳಲಿ.

ಅವನು ಮನೆ ನೋಡಲಿಲ್ಲ. ಕೆಂಪು ಪಟ್ಟೆ ನೋಡಿದ. ಪಂಪ್‌ಹೌಸಿನ ಕಡೆ ನಡೆದು ತನ್ನ ಗೀರು ನೋಡಿದ. ಮೇಸ್ತ್ರಿಯ ಹತ್ತಿರ ನೀರು ತುಂಬಿದ ಮಟ್ಟದ ಪೈಪು ಕೇಳಿ ತಂದು, ಒಂದು ತುದಿ ನನಗೆ ಹಿಡಿಸಿ, ಇನ್ನೊಂದನ್ನು ತಾನು ಹಿಡಿದ. ಆಮೇಲೆ ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟ.

"ಪಟ್ಟೆ ಎರಡು ಅಡಿ ಕೆಳಗಿದೆ ಕಣೋ," ಎಂದ.

ಮರುದಿನ ಮಧ್ಯಾಹ್ನದ ಅಳತೆ ಮುಗಿಸಿ ಕಚೇರಿಗೆ ಹೋಗಿ ಹಳೆಯ ಕಡತ ತೆಗೆಸಿದ. ಸಂಗತಿ ಹೊರಬಂತು. ಕೋಲು ಎರಡು ಅಡಿ ಕೆಳಗೆ ಇಳಿಸಿದ್ದು ಕಚೇರಿಗೂ ಗೊತ್ತಿತ್ತು. ಅಲ್ಲಿಯ ಗುಮಾಸ್ತರು ಅಣ್ಣನ ಹಾಳೆ ಬಂದಾಗಲೆಲ್ಲ, ಅವನು ಕೋಲಿನಲ್ಲಿ ಕಂಡದ್ದನ್ನೇ ಬರೆದಿದ್ದಾನೆ ಎಂದುಕೊಂಡು, ತಾವೂ ಎರಡು ಕಳೆದು ದೊಡ್ಡ ಪುಸ್ತಕಕ್ಕೆ ಏರಿಸಿದ್ದರು. ಮೂವತ್ತನಾಲ್ಕರ ನೆರೆ ಅಣ್ಣನ ಕೈಯಲ್ಲಿ ಮೂವತ್ತೆರಡಾಗಿ, ಕಚೇರಿಯಲ್ಲಿ ಮೂವತ್ತಾಗಿತ್ತು. ನಾನೂ ನನ್ನ ಹೆಂಡತಿಯೂ ಹೀಗೆ ಒಮ್ಮೆ ಮಾಡಿದ್ದೆವು. ಗಿರಾಕಿಯೊಬ್ಬ ಸೊಂಟ ಎರಡು ಇಂಚು ಬಿಗಿ ಮಾಡಿ ಎಂದಿದ್ದ. ನಾನು ಮಾಡಿ ಇಟ್ಟು ಊಟಕ್ಕೆ ಹೋದೆ, ಅವಳು ನೋಡದೆ ಇನ್ನೊಮ್ಮೆ ಮಾಡಿದಳು. ಆ ಮನುಷ್ಯ ಪ್ಯಾಂಟು ಏರಿಸಲಾರದೆ ಪರದೆಯ ಹಿಂದೆ ಕುಣಿದದ್ದನ್ನು ನೆನೆದು ನಾವು ತಿಂಗಳು ನಕ್ಕೆವು. ಆಮೇಲೆ ಬಿಚ್ಚಿ ಹೊಲಿದುಕೊಟ್ಟೆವು.

ಅಂದು ಸಂಜೆ ಅಣ್ಣ ಅಂಗಡಿಗೆ ಬಂದ. ನಾಳೆ ಎಲ್ಲವನ್ನೂ ಬರೆದುಕೊಡುತ್ತೇನೆ ಎಂದ.

"ಏನಂತ ಬರೆದುಕೊಡ್ತೀಯ?" ಎಂದು ಕೇಳಿದೆ.

"ನಡೆದಿದ್ದು. ಕೋಲಿನಲ್ಲಿ ಕಂಡಿದ್ದು ಒಂದು, ನಾನು ಬರೆದಿದ್ದು ಒಂದು, ಯಾಕೆ ಅಂತ."

"ಅಂದ್ರೆ ಹನ್ನೊಂದು ವರ್ಷ ಕಂಡಿದ್ದು ಬಿಟ್ಟು ಬೇರೆ ಬರೆದೆ ಅಂತ ನಿನ್ನ ಕೈಯಾರೆ ಬರೆದುಕೊಡ್ತೀಯ. ನಿವೃತ್ತಿಗೆ ಎಷ್ಟು ದಿನ ಇದೆ?"

"ನಲವತ್ತು ದಿನ."

"ನಲವತ್ತು ದಿನ ಬಾಯಿ ಮುಚ್ಕೊಂಡಿರೋಕಾಗಲ್ವಾ ಅಣ್ಣ? ನಿನಗೆ ಸತ್ಯ ಹೇಳಿದ ಸಮಾಧಾನ, ನನಗೆ ಬೀದಿ. ಪಟ್ಟೆ ಮೇಲೆ ಹೋದ್ರೆ ನನ್ನ ಮನೆ ಕಟ್ಟೋ ಹಾಗಿಲ್ಲ ಅಂತಾರೆ, ಬಡಾವಣೆನೇ ರದ್ದು ಮಾಡ್ತಾರೆ."

"ನೀರು ಬರುತ್ತೆ ಕಣೋ."

"ಬರಲಿ. ಬಂದಾಗ ನೋಡ್ಕೊಳ್ತೀನಿ. ನೀನು ಬಾಯಿ ಮುಚ್ಕೊಂಡಿರು."

ಹೆಂಡತಿ ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದಳು. "ಭಾವ ಹೇಳೋದನ್ನ ಪೂರ್ತಿ ಕೇಳ್ರೀ" ಎಂದಳು. ನಾನು ಅವಳ ಮೇಲೂ ರೇಗಿದೆ. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ. ಮರುದಿನ ಎರಡು ಪುಟ ಬರೆದುಕೊಟ್ಟ, ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ.

ಮುಂದಿನದನ್ನು ಅವನು ನನಗೆ ಹೇಳಲಿಲ್ಲ, ಕಚೇರಿಯ ಜವಾನನ ಬಾಯಿಂದ ತಿಳಿದೆ. ಸಾಹೇಬರು ಎರಡು ಪುಟವನ್ನೂ ಓದಿ, ಕನ್ನಡಕ ತೆಗೆದು ಒರೆಸಿ, "ಕೋಲಿನಲ್ಲಿ ಕಂಡಿದ್ದನ್ನ ನೀವು ಬರೆದೇ ಇಲ್ಲ ಅಂತಾಯ್ತು" ಎಂದರಂತೆ.

"ಎರಡು ಕಳೆದಿದ್ದೀನಿ ಸಾರ್. ಕಚೇರೀಲಿ ಕಳೆದಿದ್ದನ್ನ ವಾಪಸ್ ಕೂಡಿಸಿಬಿಟ್ಟರೆ ಸರಿಹೋಗುತ್ತೆ."

"ಯಾವತ್ತು ಕಳೆದ್ರಿ, ಯಾವತ್ತು ಮರೆತ್ರಿ, ಯಾರಿಗೆ ಗೊತ್ತು? ಕಳೀಬೇಕು ಅಂತ ಆದೇಶ ಇದೆಯಾ?"

"ಓವರ್ಸಿಯರು ಹೇಳಿದ್ರು."

"ಬರೆದುಕೊಟ್ಟಿದ್ದಾರಾ?"

ಪಂಪ್‌ಹೌಸಿನ ಗೀರಿನ ವಿಷಯ ಎತ್ತಿದಾಗ ಸಾಹೇಬರು, "ಗೋಡೆ ಮೇಲಿನ ಗೀರು ದಾಖಲೆ ಆಗಲ್ಲಪ್ಪ" ಎಂದು ಕೈ ತೊಳೆದುಕೊಂಡರು. ವಾರದೊಳಗೆ ತೀರ್ಮಾನವಾಯಿತು. ಅಳತೆಗಾರನೇ ಒಪ್ಪಿಕೊಂಡಿರುವುದರಿಂದ ಆ ಹನ್ನೊಂದು ವರ್ಷದ ಅಂಕಿಗಳು ನಂಬಲರ್ಹವಲ್ಲ. ದೊಡ್ಡ ಪುಸ್ತಕದಲ್ಲಿ ಆ ಪುಟಗಳಿಗೆಲ್ಲ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಬಿತ್ತು. ನಲವತ್ತು ದಿನದಲ್ಲಿ ಉಳಿದಿದ್ದ ಮೂವತ್ತು ದಿನ ಅಣ್ಣನನ್ನು ಕೆಲಸದಿಂದ ದೂರ ಇಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಹನ್ನೊಂದು ವರ್ಷದ ಜತೆಗೆ ದೊಡ್ಡ ನೆರೆಯೂ ಅಳಿಸಿಹೋಯಿತಲ್ಲ. ಅದಕ್ಕೆ ಹಿಂದಿನ ಪುಟಗಳಲ್ಲಿ ಇದ್ದ ಅತಿ ದೊಡ್ಡ ನೆರೆ ಇಪ್ಪತ್ತೆಂಟು ಅಡಿಯದು. ಹಾಗಾಗಿ ಕೆಂಪು ಪಟ್ಟೆ ಮೇಲೆ ಹೋಗುವ ಬದಲು ಇನ್ನೂ ಎರಡು ಅಡಿ ಕೆಳಗೆ ಬಂತು. ನನ್ನ ಮನೆಯ ಮುಂದೆ, ಹೊಳೆಯ ಕಡೆಗೆ, ಇನ್ನೊಂದು ಸಾಲು ಸೈಟುಗಳನ್ನು ತೆರೆದು ಮಾರಿದರು. ಸತ್ಯ ಹೇಳಿ ಅಣ್ಣ ಗಳಿಸಿದ್ದು ಇದನ್ನು.

ನನಗೆ ಆಗ ಏನನ್ನಿಸಿತು ಎಂದು ಕೇಳಿದರೆ, ನೆಮ್ಮದಿ ಅನ್ನಿಸಿತು. ಮನೆ ಉಳಿಯಿತು. ಮುಂದೆ ಇನ್ನೊಂದು ಸಾಲು ಬಂದದ್ದರಿಂದ ಬೀದಿಗೆ ದೀಪವೂ ಬಂತು. ನಾವು ಮಿಷನ್ನುಗಳನ್ನು ಅಲ್ಲಿಗೇ ಸಾಗಿಸಿದೆವು. ಕೆಳಗಿನ ಸಾಲಿನಲ್ಲಿ ಸರಿಯಾಗಿ ನಮ್ಮೆದುರಿಗೆ ಇಸ್ತ್ರಿಯವನು ಮನೆ ಮಾಡಿದ. ನಾನು ಹೊಲಿದದ್ದನ್ನು ಅವನು ತಿದ್ದಿ ತೀಡಿ ಕೊಡುತ್ತಿದ್ದ, ಇಬ್ಬರಿಗೂ ಅನುಕೂಲ. ಅವನ ಅತ್ತೆಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಕೊಂಡು, ಬೀದಿಯಲ್ಲಿ ಹೋಗುವವರ ಬಟ್ಟೆಗೆಲ್ಲ ಹೆಸರಿಡುತ್ತಿದ್ದಳು. "ಟೈಲರಪ್ಪಾ, ಅವನ ಷರಟಿನ ಎಡತೋಳು ಇಳಿದಿದೆ, ನಿನ್ನ ಕೈಕೆಲಸವೇ ಇರಬೇಕು" ಎಂದು ಕೂಗುತ್ತಿದ್ದಳು. ಇಳಿದೇ ಇರುತ್ತಿತ್ತು.

ಅಣ್ಣನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಸೇತುವೆಗೆ ಒಂದು ಪೆಟ್ಟಿಗೆ ಹೊಡೆದರು, ಅದು ತಾನೇ ಅಳೆದು ತಾನೇ ಕಚೇರಿಗೆ ಕಳಿಸುತ್ತದಂತೆ. ಆದರೆ ಅವನು ಮೂರು ಹೊತ್ತೂ ಮೆಟ್ಟಿಲು ಇಳಿಯುವುದನ್ನು ಬಿಡಲಿಲ್ಲ. ತನ್ನದೇ ಒಂದು ನೋಟುಬುಕ್ಕು ಇಟ್ಟುಕೊಂಡ. "ಪೆಟ್ಟಿಗೆಗೆ ಕಾವಲು ಕಾಯ್ತಿದೀಯಾ?" ಎಂದು ಕ್ಷೌರದವನು ಕೇಳಿದರೆ ಈಗ ನಿಂತು ಉತ್ತರ ಕೊಡುತ್ತಿರಲಿಲ್ಲ, ತಲೆ ತಗ್ಗಿಸಿ ಹೋಗುತ್ತಿದ್ದ. ನನ್ನ ಹೊಸ ಮನೆಗೆ ಅವನು ಬಂದದ್ದು ಒಂದೇ ಸಲ. ಹೆಂಡತಿ ಕೊಟ್ಟ ಚಹಾ ಕುಡಿದು, ಜೇಬಿನಿಂದ ಪೆನ್ಸಿಲ್ ತೆಗೆದು, ಮಿಷನ್ನುಗಳ ಹಿಂದಿನ ಗೋಡೆಯ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಗೆರೆ ಎಳೆದ. "ಬೆಲೆಬಾಳೋದನ್ನ ಇದರ ಕೆಳಗೆ ಇಡಬೇಡಮ್ಮ" ಎಂದು ಅವಳಿಗೆ ಹೇಳಿದ, ನನಗಲ್ಲ. ಅವನು ಹೋದ ಮೇಲೆ ನಾನು ಸುಣ್ಣ ಹಚ್ಚಿ ಗೆರೆ ಅಳಿಸಿದೆ.

ಮೂರನೇ ಮಳೆಗಾಲದಲ್ಲಿ ನೀರು ಬಂತು. ಹಾಡಹಗಲು, ಹನ್ನೊಂದು ಗಂಟೆಯ ಹೊತ್ತಿಗೆ. ಎರಡು ದಿನದಿಂದ ಮೇಲಿನ ಊರುಗಳಲ್ಲಿ ಮಳೆ ಹೊಯ್ಯುತ್ತಿತ್ತು, ಪೆಟ್ಟಿಗೆ ಮಾತ್ರ ಹಿಂದಿನ ದಿನವೇ ಉಸಿರು ನಿಲ್ಲಿಸಿತ್ತು. ಅಣ್ಣ ಬೆಳಿಗ್ಗೆಯೇ ಬಡಾವಣೆಗೆ ಓಡಿಬಂದು ಕೆಳಗಿನ ಸಾಲಿನ ಬಾಗಿಲುಗಳನ್ನು ತಟ್ಟಿದ್ದನಂತೆ. "ಒಂದು ಗಂಟೆಗೆ ಒಂದಡಿ ಏರ್ತಿದೆ, ಹೊರಡಿ" ಎಂದನಂತೆ. ಕೆಲವರು ಹೊರಟರು. ಕೆಲವರು, ಕೆಲಸ ಕಳೆದುಕೊಂಡ ಅಡಿ-ಇಂಚಿಗೆ ತಲೆ ಕೆಟ್ಟಿದೆ ಎಂದರು. ಇಸ್ತ್ರಿಯವನು ಅತ್ತೆಯನ್ನು ಸಾಗಿಸಲು ಗಾಡಿ ತರುತ್ತೇನೆಂದು ಹೆಂಡತಿಯ ಜತೆ ಪೇಟೆಗೆ ಹೋದ. ವಾಪಸ್ ಬರುವ ದಾರಿ ಮುಳುಗಿತು.

ನಮ್ಮ ಮನೆಯಲ್ಲಿ ನೀರು ಹೊಸ್ತಿಲು ದಾಟಿ, ಮಿಷನ್ನಿನ ಪೆಡಲು ಮುಳುಗಿಸಿ, ಒಂದಡಿಗೆ ಬಂದು ನಿಂತಿತು. ಎದುರಿನ ಮನೆಯ ನೆಲ ನಮ್ಮದಕ್ಕಿಂತ ಎರಡು ಅಡಿ ಕೆಳಗೆ. ಅಲ್ಲಿ ಮೂರು ಅಡಿ. ನನ್ನಂಥವನಿಗೆ ಮೂರು ಅಡಿ ನೀರೆಂದರೆ ಸೊಂಟದ ಮಟ್ಟ, ಮಂಚದ ಮೇಲೆ ಮಲಗಿದವಳಿಗೆ ತಲೆಯ ಮೇಲೆ. ನಡುವಿನ ಬೀದಿ ಇನ್ನೂ ತಗ್ಗು, ಸೆಳೆತ ಬೇರೆ. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ನನ್ನ ಕಿಟಕಿಯ ಸರಳಿಗೆ ಕಟ್ಟಿ ಇಳಿದ. ನಾನು ಹಗ್ಗ ಹಿಡಿದುಕೊಂಡಿದ್ದೆ. ಅವನಿಗೆ ಅರವತ್ತು ದಾಟಿತ್ತು. ಎರಡು ಸಲ ಕಾಲು ತಪ್ಪಿ, ಮೂರನೇ ಸಲ ಎದುರಿನ ಬಾಗಿಲು ಮುಟ್ಟಿದ. ಬಾಗಿಲು ನೀರಿನ ಭಾರಕ್ಕೆ ತೆರೆಯಲಿಲ್ಲ. ಕಿಟಕಿಯಲ್ಲಿ ಅವಳ ಕೈ ಸ್ವಲ್ಪ ಹೊತ್ತು ಸರಳು ಹಿಡಿದುಕೊಂಡಿತ್ತು, ಅವನು ಆ ಕೈ ಹಿಡಿದುಕೊಂಡಿದ್ದ. ಅವಳ ಕೈ ಸಡಿಲವಾಗಿ ಸರಳು ಬಿಟ್ಟ ಮೇಲೆ ನಾನೇ ಹಗ್ಗ ಎಳೆದು ಅವನನ್ನು ವಾಪಸ್ ತಂದೆ.

ನೀರಿಳಿದ ಮೂರನೇ ದಿನ ಕಚೇರಿಯಿಂದ ಒಬ್ಬ ಇಂಜಿನಿಯರು ಅಣ್ಣನನ್ನು ಹುಡುಕಿಕೊಂಡು ನನ್ನ ಮನೆಗೇ ಬಂದ. ನಾವು ಬಕೆಟ್ಟಿನಲ್ಲಿ ಕೆಸರು ಹೊರಗೆ ಹಾಕುತ್ತಿದ್ದೆವು. ಪೆಟ್ಟಿಗೆ ಕೆಟ್ಟದ್ದರಿಂದ ಅವರ ಹತ್ತಿರ ಅಂಕಿಯೇ ಇರಲಿಲ್ಲ.

"ನೀವು ಬರೆದಿಟ್ಟಿದ್ದೀರಂತೆ. ಎಷ್ಟು ಬಂದಿತ್ತು?"

ಅಣ್ಣ ನೋಟುಬುಕ್ಕು ತೆರೆದು ಕೊಟ್ಟ. "ಮೂವತ್ತನಾಲ್ಕು. ಕೋಲಿನಲ್ಲಿ ಕಂಡಿದ್ದು. ಎರಡು ಕಳೆಯೋದು ನಿಮ್ಮ ಕೆಲಸ. ನಾನು ಕಳೆದಿಲ್ಲ."

ಇಂಜಿನಿಯರು ಬರೆದುಕೊಂಡು ಹೋದ. ವರದಿಯನ್ನು ಕಚೇರಿಯ ಹಲಗೆಗೆ ಹಚ್ಚಿದಾಗ ನಾನು ಹೋಗಿ ಓದಿದೆ. ನೀರಿನ ಮಟ್ಟ ಮೂವತ್ತೆರಡು ಅಡಿ, ಸ್ಥಳೀಯರ ಹೇಳಿಕೆಯಂತೆ. ಈ ಹೊಳೆಗೆ ಇಂಥ ನೆರೆ ಹಿಂದೆಂದೂ ಬಂದ ದಾಖಲೆ ಇಲ್ಲವಾದ್ದರಿಂದ, ಮುಂಚೆಯೇ ಊಹಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಅಣ್ಣನ ಹೆಸರು ಎಲ್ಲೂ ಇರಲಿಲ್ಲ. ಅಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ, ಜವಾನ ಬಂದು ಹೊರಗೆ ಕಳಿಸಿದ.

ಮನೆಗೆ ಬಂದಾಗ ಅವನು ಮಿಷನ್ನಿನ ಹಿಂದಿನ ಗೋಡೆಯ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದ. ಸುಣ್ಣ ನೆನೆದು ಉದುರಿ, ಅವನ ಪೆನ್ಸಿಲ್ ಗೆರೆ ಮತ್ತೆ ಕಾಣುತ್ತಿತ್ತು. ಕೆಸರಿನ ಕಲೆ ಅದರ ಮೇಲೆಯೇ ಹಾದುಹೋಗಿತ್ತು. ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದೆ, ಅಳೆಯಲು ಮನಸ್ಸಾಗದೆ ಕೈಯಲ್ಲೇ ಸುತ್ತಿಕೊಂಡೆ. ವರದಿಯಲ್ಲಿ ಏನಿದೆ ಎಂದು ಹೇಳಿದೆ. ಅವನು ಬಾಗಿಲಾಚೆ ಎದುರಿನ ಕಿಟಕಿ ನೋಡುತ್ತಿದ್ದ.

"ಅವತ್ತು ನಾನು ಬರೆದುಕೊಡದೇ ಇದ್ದಿದ್ರೆ ಪಟ್ಟೆ ಮೂವತ್ತರಲ್ಲೇ ಇರ್ತಿತ್ತು," ಎಂದ. "ಆ ಸಾಲೇ ಆಗ್ತಿರಲಿಲ್ಲ. ಅವಳು ಇಲ್ಲಿ ಇರ್ತಾನೇ ಇರಲಿಲ್ಲ."

ನಾನು ಏನೋ ಹೇಳಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಬಾಯಿ ಮುಚ್ಕೊಂಡಿರು ಅಂದಿದ್ದೆ ನೀನು. ನೀನು ಹೇಳಿದ್ದೇ ಸರಿ ಕಣೋ."

ಐವತ್ತೈದು ವರ್ಷ ಕಾದಿದ್ದ ಮಾತು ಅದು. ಕೇಳಿಸಿಕೊಂಡು, ಬಕೆಟ್ಟು ಎತ್ತಿಕೊಂಡು ಕೆಸರು ಚೆಲ್ಲಲು ಹೊರಗೆ ಹೋದೆ.